ಗಜನಿ ಭೂಮಿಯ ಕ್ಷೇತ್ರಕಾರ್ಯಕ್ಕೆ ಸಂಶೋಧನಾ ಅನುದಾನ: ಎಲ್ಲಿಗೆ, ಯಾವಾಗ ಅರ್ಜಿ ಹಾಕಬೇಕು?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಕುಮಟಾ

ಮಾನ್ಯರೇ,

ನಾನು ಧಾರವಾಡದಲ್ಲಿ ಮಾನವಶಾಸ್ತ್ರದ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದೇನೆ. ಅಘನಾಶಿನಿ ಅಳಿವೆಯ ಗಜನಿ ಭೂಮಿ ನನ್ನ ವಿಷಯ. ಮಳೆಗಾಲದ ಸಿಹಿನೀರಿನಲ್ಲಿ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಅದೇ ನೆಲದಲ್ಲಿ ಸಿಗಡಿ, ಮೀನು ಹಿಡಿಯುವ ಈ ಪದ್ಧತಿ ಒಡ್ಡುಗಳನ್ನು ನಂಬಿಕೊಂಡಿದೆ. ಆ ಒಡ್ಡುಗಳನ್ನು ಕಟ್ಟುವ, ಕಾಯುವ, ಒಡೆದಲ್ಲಿ ಸರಿಪಡಿಸುವ ಕೆಲಸವನ್ನು ಊರಿನವರು ಹೇಗೆ ಹಂಚಿಕೊಳ್ಳುತ್ತಿದ್ದರು, ಈಗ ಅದು ಯಾರ ಹೊಣೆಯಾಗಿದೆ ಎಂಬುದನ್ನು ಒಂದು ಪೂರ್ಣ ವರ್ಷ ಊರಿನಲ್ಲೇ ಉಳಿದು ತಿಳಿಯಬೇಕೆಂದಿದ್ದೇನೆ.

ನೆಟ್ ಪರೀಕ್ಷೆಯ ಮೂಲಕ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆ.ಆರ್.ಎಫ್., ನನಗೆ ದೊರೆತಿಲ್ಲ. ಅತಿಥಿ ಉಪನ್ಯಾಸಕಿಯ ಕೆಲಸ ಬಿಟ್ಟು ವರ್ಷಪೂರ್ತಿ ಕ್ಷೇತ್ರದಲ್ಲಿರಲು ಹಣ ಬೇಕು. ದೇಶದ ಮತ್ತು ವಿದೇಶದ ಯಾವ ಸಂಸ್ಥೆಗಳು ಇಂಥ ಕೆಲಸಕ್ಕೆ ನೆರವಾಗುತ್ತವೆ? ನನ್ನೊಂದಿಗೆ ಗಂಟೆಗಟ್ಟಲೆ ಕುಳಿತು ಮಾತನಾಡಿ ಅಂದಿನ ಕೂಲಿಯನ್ನು ಕಳೆದುಕೊಳ್ಳುವ ಹೆಂಗಸರಿಗೆ ಕೊಡುವ ಹಣವನ್ನು ಅಂದಾಜುಪಟ್ಟಿಯಲ್ಲಿ ತೋರಿಸಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಪ್ರಾಧ್ಯಾಪಕ, ಶಿರಸಿ

ನಿಮ್ಮ ವಿಷಯ ಓದಿ ಬಹಳ ಸಂತೋಷವಾಯಿತು. ಗಜನಿಯ ಬಗ್ಗೆ ಕೃಷಿ ಮತ್ತು ಪರಿಸರ ವಿಜ್ಞಾನದವರು ಬರೆದಷ್ಟು ನಮ್ಮ ಶಾಸ್ತ್ರದವರು ಬರೆದಿಲ್ಲ ಎಂಬ ಕೊರಗು ನನಗೆ ಹಿಂದಿನಿಂದಲೂ ಇದೆ.

ದೇಶದೊಳಗೆ ಮೊದಲು ನೋಡಬೇಕಾದದ್ದು 1969ರಲ್ಲಿ ಸ್ಥಾಪನೆಯಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, ಅಂದರೆ ಐ.ಸಿ.ಎಸ್.ಎಸ್.ಆರ್. ಅದರ ಡಾಕ್ಟೋರಲ್ ಫೆಲೋಶಿಪ್ ತಿಂಗಳಿಗೆ 20,000 ರೂಪಾಯಿ. ಇತರ ಖರ್ಚಿಗೆ ಪ್ರತ್ಯೇಕ ಮೊತ್ತವಿರುತ್ತದೆ. ಯು.ಜಿ.ಸಿ.ಯ ಜೆ.ಆರ್.ಎಫ್. 2023ರ ಜನವರಿಯಿಂದ 37,000 ರೂಪಾಯಿ ಆಗಿರುವುದರಿಂದ, ನೆಟ್ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯುವುದನ್ನು ಕೈಬಿಡಬೇಡಿ. ಎರಡನ್ನೂ ಒಟ್ಟಿಗೆ ಪಡೆಯಲು ಅವಕಾಶವಿಲ್ಲ.

ಆದರೆ ಒಂದು ವರ್ಷದ ವಾಸ್ತವ್ಯಕ್ಕೆಂದೇ ಹಣ ಕೊಡುವುದು ನ್ಯೂಯಾರ್ಕಿನ ವೆನ್ನರ್-ಗ್ರೆನ್ ಫೌಂಡೇಶನ್. 1941ರಲ್ಲಿ ಆರಂಭವಾದ ಈ ಸಂಸ್ಥೆಯ ನೆರವೆಲ್ಲ ಮಾನವಶಾಸ್ತ್ರಕ್ಕೇ ಮೀಸಲು. ಡಾಕ್ಟರೇಟ್ ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ಅದು ಗರಿಷ್ಠ 25,000 ಡಾಲರ್ ಕೊಡುತ್ತದೆ; ಅರ್ಜಿದಾರರು ಯಾವ ದೇಶದವರಾದರೂ, ಯಾವ ದೇಶದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರೂ ಅಡ್ಡಿಯಿಲ್ಲ. ಮೊದಲ ಸಲ ಆಯ್ಕೆಯಾಗದಿದ್ದರೆ ತಿದ್ದಿ ಮತ್ತೆ ಸಲ್ಲಿಸಬಹುದು. ಇಷ್ಟಿದ್ದೂ ನಮ್ಮ ಕಡೆಯ ವಿದ್ಯಾರ್ಥಿಗಳು ಇದು ವಿದೇಶದಲ್ಲಿ ಓದುವವರಿಗೆ ಮಾತ್ರ ಎಂದುಕೊಂಡು ಅರ್ಜಿಯನ್ನೇ ಹಾಕುವುದಿಲ್ಲ. ಅದು ನಿಜಕ್ಕೂ ದುಃಖದ ಸಂಗತಿ.

ಇಲ್ಲಿ ಕಾಲದ ಲೆಕ್ಕ ಬಹಳ ಮುಖ್ಯ. ಈ ಅನುದಾನಕ್ಕೆ ಮೇ 1 ಮತ್ತು ನವೆಂಬರ್ 1 ಎಂದು ವರ್ಷದಲ್ಲಿ ಎರಡು ಕೊನೆಯ ದಿನಗಳಿರುತ್ತವೆ. ಮೇ ತಿಂಗಳಲ್ಲಿ ಸಲ್ಲಿಸಿದವರು ಮುಂದಿನ ವರ್ಷದ ಜನವರಿಯಿಂದ ಜೂನ್ ಒಳಗೆ, ನವೆಂಬರಿನಲ್ಲಿ ಸಲ್ಲಿಸಿದವರು ಮುಂದಿನ ವರ್ಷದ ಜುಲೈಯಿಂದ ಡಿಸೆಂಬರ್ ಒಳಗೆ ಕೆಲಸ ಆರಂಭಿಸುವಂತೆ ಯೋಜಿಸಬೇಕು. ಕಗ್ಗದ ಬಿತ್ತನೆ ಮುಂಗಾರಿನ ಆರಂಭಕ್ಕೆ ಆಗಿಬಿಡುತ್ತದೆ. ನವೆಂಬರಿನ ಸರದಿಯನ್ನು ಹಿಡಿದರೆ ನೀವು ಊರು ಸೇರುವಷ್ಟರಲ್ಲಿ ಬಿತ್ತನೆಯೂ ಮಳೆಗೆ ಮುಂಚಿನ ಒಡ್ಡಿನ ಕೆಲಸವೂ ಮುಗಿದಿರುತ್ತವೆ. ಆದ್ದರಿಂದ ಮೇ 1ಕ್ಕೆ ಸಲ್ಲಿಸಿ, ಮುಂದಿನ ವರ್ಷ ಬೇಸಿಗೆಯಲ್ಲೇ ಊರು ಸೇರಿ, ಸಿಗಡಿಯ ಕೊನೆಯ ದಿನಗಳು, ಒಡ್ಡಿನ ದುರಸ್ತಿ, ಬಿತ್ತನೆ, ಕೊಯ್ಲು ಎಲ್ಲವನ್ನೂ ಒಂದೇ ಓಟದಲ್ಲಿ ನೋಡುವಂತೆ ಯೋಜಿಸಿಕೊಳ್ಳಿ. ದಿನಾಂಕ, ಮೊತ್ತಗಳನ್ನು ಆಯಾ ವರ್ಷದ ಪ್ರಕಟಣೆಯೊಂದಿಗೆ ತಾಳೆ ನೋಡಿಕೊಳ್ಳಿ.

ಪ್ರಸ್ತಾವನೆಯ ಬಗ್ಗೆ ಒಂದು ಮಾತು. "ಈ ಪದ್ಧತಿ ನಶಿಸುತ್ತಿದೆ, ದಾಖಲಿಸಬೇಕು" ಎಂದರೆ ಸಾಲದು. ನಿಮ್ಮ ಅರ್ಜಿಯನ್ನು ಓದುವವರು ಅಘನಾಶಿನಿಯ ಹೆಸರನ್ನೇ ಕೇಳದ ಮಾನವಶಾಸ್ತ್ರಜ್ಞರಾಗಿರಬಹುದು. ಅವರಿಗೆ ಬೇಕಾದದ್ದು ಶಾಸ್ತ್ರಕ್ಕೆ ಹೊಸದೇನನ್ನೋ ಕೇಳುವ ಪ್ರಶ್ನೆ. ಭತ್ತ ಇನ್ನೂ ಗದ್ದೆಯಲ್ಲಿರುವಾಗಲೇ ಸಿಗಡಿಯ ಗುತ್ತಿಗೆದಾರರು ಉಪ್ಪುನೀರು ಬಿಡಬೇಕೆಂದರೆ ಒಡ್ಡಿನ ಬಾಗಿಲನ್ನು ತೆರೆಯುವ ಅಧಿಕಾರ ಯಾರದು? ಜಮೀನಿಲ್ಲದೆಯೂ ಒಡ್ಡಿಗೆ ಮಣ್ಣು ಹೊತ್ತವರಿಗೆ ಆ ನೀರಿನ ಮೀನಿನ ಮೇಲೆ ಹಕ್ಕಿದೆಯೇ? ಇಂಥ ಪ್ರಶ್ನೆಯಿಂದ ಆರಂಭಿಸಿದರೆ ಒಡೆತನ, ದುಡಿಮೆ, ಸಾಮುದಾಯಿಕ ಹಕ್ಕುಗಳ ಕುರಿತ ದೊಡ್ಡ ಚರ್ಚೆಗೆ ನಿಮ್ಮ ಊರು ತಾನಾಗಿಯೇ ಸೇರಿಕೊಳ್ಳುತ್ತದೆ.

ಉತ್ತರ: ಸಂಶೋಧಕಿ, ಕಾರವಾರ

ಸರ್ ಹೇಳಿದ್ದಕ್ಕೆ ಹಣಕಾಸಿನ ಕಡೆಯಿಂದ ಕೆಲವು ವಿಷಯಗಳನ್ನು ಸೇರಿಸುತ್ತೇನೆ. ವಿದೇಶದಿಂದ ಬರುವ ಹಣವೆಂದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಭಯ ಎಲ್ಲರಿಗೂ ಇದೆ. ಆ ಕಾಯ್ದೆಯ 4ನೇ ಕಲಂ ವಿದ್ಯಾರ್ಥಿವೇತನ, ಸ್ಟೈಪೆಂಡ್ ಮತ್ತು ಅಂಥದೇ ಸ್ವರೂಪದ ಪಾವತಿಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಹಣ ಒಂದು ಟ್ರಸ್ಟ್ ಅಥವಾ ಸಂಘದ ಮೂಲಕ ಬರುವುದಾದರೆ ಆ ಸಂಸ್ಥೆಗೆ ಕಾಯ್ದೆಯಡಿ ನೋಂದಣಿ ಇರಬೇಕು, ಮತ್ತು 2020ರ ತಿದ್ದುಪಡಿಯ ನಂತರ ಅಂಥ ಹಣವನ್ನು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಪಡೆಯಬೇಕು. ಅರ್ಜಿ ಹಾಕುವ ಮೊದಲೇ ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿಯನ್ನು ಕಂಡು, ನಿಮ್ಮ ಅನುದಾನ ಯಾವ ದಾರಿಯಲ್ಲಿ ಬರಬೇಕೆಂಬುದನ್ನು ಬರಹದಲ್ಲಿ ಪಡೆಯಿರಿ. ಹಣ ಮಂಜೂರಾದ ಮೇಲೆ ಈ ಓಡಾಟ ಆರಂಭಿಸಿದರೆ ಒಂದು ಹಂಗಾಮೇ ಕೈತಪ್ಪುತ್ತದೆ.

ಕೂಲಿಯ ಹಣವನ್ನು ಖಂಡಿತ ತೋರಿಸಿ. ಅದನ್ನು "ಇತರ ಖರ್ಚು" ಎಂಬ ಸಾಲಿನಲ್ಲಿ ಅಡಗಿಸದೆ, ಸಮಯಕ್ಕೆ ಕೊಡುವ ಪರಿಹಾರ ಎಂದು ಪ್ರತ್ಯೇಕವಾಗಿ ಬರೆದು, ಊರಿನ ದಿನಗೂಲಿಯನ್ನು ಆಧಾರವಾಗಿಟ್ಟು ಲೆಕ್ಕ ಕೊಡಿ. ಅಳಿವೆಯಲ್ಲಿ ಬೆಳಚು (ಚಿಪ್ಪುಮೀನು) ಆರಿಸುವವರಿಗೆ ನೀರಿಳಿತದ ಕೆಲವೇ ಗಂಟೆಗಳು ದುಡಿಮೆಯ ಹೊತ್ತು. ಆ ಹೊತ್ತನ್ನು ನಾವು ಉಚಿತವಾಗಿ ತೆಗೆದುಕೊಳ್ಳುವುದು ಅನ್ಯಾಯ. ದೋಣಿಯ ಬಾಡಿಗೆ, ಧ್ವನಿಮುದ್ರಣಗಳನ್ನು ಅಕ್ಷರಕ್ಕಿಳಿಸುವವರ ಸಂಭಾವನೆ, ಕೆಲಸ ಮುಗಿದ ಮೇಲೆ ಊರವರ ಮುಂದೆ ಕನ್ನಡದಲ್ಲಿ ವರದಿ ಓದುವ ಸಭೆಯ ಖರ್ಚು, ಇವೂ ಅಂದಾಜುಪಟ್ಟಿಯಲ್ಲಿರಲಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಿತ್ತನೆಯ ಕಾಲಕ್ಕೂ ಅರ್ಜಿಯ ಕೊನೆಯ ದಿನಕ್ಕೂ ಇರುವ ಸಂಬಂಧ ನನಗೆ ಹೊಳೆದಿರಲಿಲ್ಲ. ಒಡ್ಡು ಕಟ್ಟುವ ವಿಧಾನವನ್ನು ವಿಡಿಯೊದಲ್ಲಿ ದಾಖಲಿಸಲು ಬ್ರಿಟಿಷ್ ಮ್ಯೂಸಿಯಂನ ಎನ್‌ಡೇಂಜರ್ಡ್ ಮೆಟೀರಿಯಲ್ ನಾಲೆಡ್ಜ್ ಪ್ರೋಗ್ರಾಂಗೂ ಅರ್ಜಿ ಹಾಕಬಹುದೆಂದು ಒಬ್ಬರು ಸೂಚಿಸಿದ್ದಾರೆ. ಹಾಕಬಹುದೇ?

ಉತ್ತರ: ಜಾನಪದ ಸಂಗ್ರಾಹಕ, ಅಂಕೋಲಾ

ಹಾಕಬಹುದು; ವಸ್ತುಗಳನ್ನು ಮಾಡುವ, ಬಳಸುವ, ದುರಸ್ತಿ ಮಾಡುವ ತಿಳಿವಳಿಕೆಯನ್ನು ದಾಖಲಿಸುವುದೇ ಆ ಯೋಜನೆಯ ಉದ್ದೇಶ. ಆದರೆ ಅಲ್ಲಿ ಸಂಗ್ರಹವಾದದ್ದು ಎಲ್ಲರಿಗೂ ತೆರೆದ ಜಾಲತಾಣಕ್ಕೆ ಸೇರುತ್ತದೆ. ಒಡ್ಡಿನ ಹಕ್ಕಿನ ಬಗ್ಗೆ ಊರಿನಲ್ಲಿ ತಕರಾರು ಇರುವಾಗ, ಯಾರು ಎಲ್ಲಿ ನಿಂತು ಏನು ಹೇಳಿದರೆಂಬ ದೃಶ್ಯ ಎಂದೆಂದಿಗೂ ಸಾರ್ವಜನಿಕವಾಗಿ ಉಳಿಯುವುದಕ್ಕೆ ಅವರ ಒಪ್ಪಿಗೆ ಇದೆಯೇ ಎಂದು ಅರ್ಜಿಗೆ ಮೊದಲೇ ಕೇಳಿ. ಒಡ್ಡು ಕಟ್ಟುವ ಕೈಕೆಲಸವನ್ನು ಆ ಯೋಜನೆಗೂ, ವ್ಯಾಜ್ಯ ಮತ್ತು ಪಾಲಿನ ಮಾತುಗಳನ್ನು ಪ್ರಬಂಧಕ್ಕೂ ಬೇರ್ಪಡಿಸುವುದು ನನಗೆ ಸರಿಯೆನಿಸುತ್ತದೆ.

ವಿಶ್ವವಿದ್ಯಾಲಯದ ಹೊರಗಿರುವ ಓದುಗರಿಗಾಗಿಯೂ ಒಂದು ಮಾತು ಹೇಳಬೇಕು. ನಮ್ಮ ಹಾಲಕ್ಕಿ ಸಮುದಾಯದ ಹಾಡುಗಳ ಭಂಡಾರವಾಗಿದ್ದ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಆ ತಲೆಮಾರಿನ ಹಾಡುಗಾರ್ತಿಯರ ಜೊತೆ ಕುಳಿತು ಕೆಲಸ ಮಾಡಬಲ್ಲವರಲ್ಲಿ ಅನೇಕರಿಗೆ ಪದವಿಯೂ ಇಲ್ಲ, ಇಂಗ್ಲಿಷೂ ಇಲ್ಲ. ಅಂಥವರು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಗೆ ಕನ್ನಡದಲ್ಲೇ ಪ್ರಸ್ತಾವನೆ ಬರೆಯಬಹುದು. ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್ಪುಗಳೂ ಇವೆ: 25ರಿಂದ 40 ವರ್ಷದವರಿಗೆ ಕಿರಿಯ, ಅದಕ್ಕೂ ಮೇಲ್ಪಟ್ಟವರಿಗೆ ಹಿರಿಯ; ಎರಡು ವರ್ಷ ಕಾಲ ತಿಂಗಳಿಗೆ ಕ್ರಮವಾಗಿ 10,000 ಮತ್ತು 20,000 ರೂಪಾಯಿ. ಹಣ ಆರು ತಿಂಗಳಿಗೊಂದು ಕಂತಿನಂತೆ ಬರುವುದರಿಂದ ಮೊದಲ ಖರ್ಚಿಗೆ ಕೈಯಲ್ಲಿ ಸ್ವಲ್ಪ ಇಟ್ಟುಕೊಂಡಿರಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ವಿದ್ಯಾರ್ಥಿಗಳು ಪಿಎಚ್.ಡಿ.ಗೆ ಸೇರಿದ್ದರೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಫೆಲೋಶಿಪ್ಪಿಗೆ ಅರ್ಹರು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದ ನಮ್ಮ ಹಾಲಕ್ಕಿ ಮಕ್ಕಳಿಗೆ ಆ ಬಾಗಿಲು ಇನ್ನೂ ತೆರೆದಿಲ್ಲ.

ತಂಗೀ, ನಿಮ್ಮ ಪ್ರಸ್ತಾವನೆಯ ಕರಡು ಸಿದ್ಧವಾದಾಗ ಇಲ್ಲಿ ಹಾಕಿ. ಗಜನಿಯ ಕೆಲಸದ ಮಾತುಗಳು ಸರಿಯಾಗಿ ಬಂದಿವೆಯೇ ಎಂಬುದನ್ನು ಮಾಣಿಕಟ್ಟಾ ಕಡೆಯ ಹಿರಿಯರಿಗೆ ಓದಿ ಹೇಳಿ ಕೇಳಿಕೊಂಡು ಬರುತ್ತೇನೆ.