ಮನೆ ಗುಂಪಿನಲ್ಲಿ ಎಪ್ಪತ್ತು ಗಂಟೆಯ ವಿಡಿಯೊ

ದೊಡ್ಡಪ್ಪ (ವಿಡಿಯೊ ಹಾಕಿ): ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ನಾರಾಯಣ ಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಆಡಿದ ಮಾತು ಇದು. ನಮ್ಮ ಮೈಸೂರಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಇನ್ಫೊಸಿಸ್‌ನಂಥ ದೊಡ್ಡ ಸಂಸ್ಥೆ ಕಟ್ಟಿದವರು ಸುಮ್ಮನೆ ಹೇಳುತ್ತಾರೆಯೇ? ಮನೆಯ ಮಕ್ಕಳೆಲ್ಲರೂ ಪೂರ್ತಿ ನೋಡಬೇಕು.

ನಾನು: ಪೂರ್ತಿ ನೋಡಿದೆ, ದೊಡ್ಡಪ್ಪ. ಸ್ವಂತ ಸಂಸ್ಥೆ ಕಟ್ಟುವವರು ಹಗಲಿರುಳು ದುಡಿಯುವುದು ಬೇರೆ, ರಾತ್ರಿ ಹತ್ತೂವರೆಗೆ ಮ್ಯಾನೇಜರ್ ಮೆಸೇಜ್ ಹಾಕಿದ ತಕ್ಷಣ ಐ.ಟಿ. ಕಂಪನಿಯ ನನ್ನಂಥವರು ಲ್ಯಾಪ್‌ಟಾಪ್ ತೆರೆಯುವುದು ಬೇರೆ. ನೀವು ಮಂಡ್ಯದ ಮೈಶುಗರ್ ಸಕ್ಕರೆ ಕಾರ್ಖಾನೆಯಲ್ಲಿ, ಕಾರ್ಮಿಕರ ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿದ್ದವರು. ಪಾಳಿ ಮುಗಿದ ಮೇಲೂ ನಿಂತವರ ಹೆಸರಿನ ಮುಂದೆ ಓಟಿ (ಹೆಚ್ಚುವರಿ ದುಡಿಮೆ) ಬರೆಯುತ್ತಿದ್ದವರು ನೀವೇ, ಅದೂ 1948ರ ಕಾರ್ಖಾನೆ ಕಾಯ್ದೆಯಂತೆ ದುಪ್ಪಟ್ಟು ದರದಲ್ಲಿ. ನಮ್ಮ ಟೈಮ್‌ಶೀಟ್‌ನಲ್ಲಿ ದಿನಕ್ಕೆ 9 ಗಂಟೆಗಿಂತ ಹೆಚ್ಚು ತುಂಬಿದರೆ ಆ ಚೌಕ ಕೆಂಪಾಗುತ್ತದೆ, ಸಬ್ಮಿಟ್ ಬಟನ್ ಒತ್ತಲು ಬರುವುದೇ ಇಲ್ಲ. ಕಳೆದ ವಾರ ನಾನು ಕೂತು ಕೆಲಸ ಮಾಡಿದ್ದು 64 ಗಂಟೆ, ದಾಖಲೆಯಲ್ಲಿರುವುದು 45.

ದೊಡ್ಡಪ್ಪ: ನಾನು ನಿವೃತ್ತನಾದಾಗ ಎಣಿಸುತ್ತಿದ್ದುದರ ಮೂರು ಪಟ್ಟು ನಿನ್ನ ಮೊದಲ ತಿಂಗಳ ಸಂಬಳವಿತ್ತಲ್ಲಮ್ಮ. ಅಷ್ಟು ಕೊಡುವವರು ಕೆಲಸ ಕೇಳದೆ ಬಿಡುತ್ತಾರೆಯೇ?

ಅಣ್ಣ: ಐ.ಟಿ.ಯವರಿಗೆ ಕಾರ್ಮಿಕ ಕಾನೂನಿನಿಂದ ಸರ್ಕಾರವೇ ವಿನಾಯಿತಿ ಕೊಟ್ಟಿದೆ. ವಾದ ಮಾಡಿ ಫಲವಿಲ್ಲ, ಬೇಡವಾದರೆ ಬೇರೆ ಕೆಲಸ ನೋಡಿಕೋ.

ನಾನು: ಅಣ್ಣ, ರಾಜ್ಯ ಸರ್ಕಾರ 2024ರಲ್ಲಿ ಇನ್ನೈದು ವರ್ಷಕ್ಕೆ ವಿಸ್ತರಿಸಿದ್ದು ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ, ಅಂದರೆ ನೌಕರಿಯ ಷರತ್ತುಗಳನ್ನು ಲಿಖಿತವಾಗಿ ಗೊತ್ತುಮಾಡಬೇಕೆನ್ನುವ ಕಾಯ್ದೆಯ ವಿನಾಯಿತಿಯನ್ನು ಮಾತ್ರ. ದಿನಕ್ಕೆ 9, ವಾರಕ್ಕೆ 48 ಗಂಟೆ, ಮೀರಿದರೆ ಎರಡರಷ್ಟು ವೇತನ ಎನ್ನುವುದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದು ನಮಗೆ ಅನ್ವಯಿಸದಿದ್ದರೆ, ಅದೇ ಕಾಯ್ದೆಗೆ ತಿದ್ದುಪಡಿ ತಂದು ಐ.ಟಿ.ಯವರ ದುಡಿಮೆಯ ಅವಧಿ ಹೆಚ್ಚಿಸುವ ಪ್ರಸ್ತಾವ 2024ರ ಜುಲೈನಲ್ಲಿ ಏಕೆ ಬಂತು?

ದೊಡ್ಡಮ್ಮ: ಕಾಯ್ದೆ ನನಗೆ ತಿಳಿಯದು. ಪಿತೃಪಕ್ಷಕ್ಕೆ ಮಂಡ್ಯಕ್ಕೆ ಬಂದವಳು, ಎಡೆ ಇಟ್ಟ ದಿನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೋಣೆ ಸೇರಿದವಳು ಸಂಜೆ ನಾಲ್ಕಕ್ಕೆ ಎದ್ದು ಬಂದಳು. ಎಲೆಯ ಮೇಲಿನ ವಡೆ ತಣ್ಣಗಾಗಿ, ಪಾಯಸ ಗಟ್ಟಿಯಾಗಿತ್ತು. ಬಿ.ಪಿ. ಮಾತ್ರೆ ನುಂಗುತ್ತಿದ್ದಾಳೆಂಬುದೂ ಆವತ್ತೇ ಗೊತ್ತಾಯಿತು.

ನಾನು: ದೊಡ್ಡಮ್ಮ, ಅದನ್ನು ಗುಂಪಿನಲ್ಲಿ ಹೇಳಬೇಡಿ ಎಂದಿದ್ದೆನಲ್ಲ. ಹೇಳಿದ್ದಾಯಿತು, ಇದನ್ನೂ ಕೇಳಿ: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜಿಸಿವೆ.

ದೊಡ್ಡಪ್ಪ: ದುಡಿಮೆಯಿಂದ ಯಾರೂ ಕೆಡುವುದಿಲ್ಲ ಎಂಬ ನನ್ನ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ದುಡಿದ ಗಂಟೆಯನ್ನು ಬರೆಯಲು ಬಿಡದ ಟೈಮ್ ಆಫೀಸನ್ನು ನಾನು ಕಂಡಿಲ್ಲ. ನಿನ್ನ ನೇಮಕಾತಿ ಪತ್ರದಲ್ಲಿ ಕೆಲಸದ ಅವಧಿಯ ಬಗ್ಗೆ ಬರೆದಿರುವ ಪುಟದ ಫೋಟೊ ಕಳಿಸು. ಗುಂಪಿಗೆ ಬೇಡ, ನನಗೆ ಮಾತ್ರ.