ಏಪ್ರಿಲ್ ಬಿಸಿಲಿಗೆ ಯಾವ ದ್ವೀಪ: ಕ್ರೀಟೋ, ಮಾಲ್ಟಾವೋ?

ಮ್ಯೂನಿಕ್ ಮಂಜು: 2027ರ ಏಪ್ರಿಲ್‌ನಲ್ಲಿ ಅಪ್ಪ, ಅಮ್ಮ ಶಿವಮೊಗ್ಗದಿಂದ ನಮ್ಮಲ್ಲಿಗೆ ಬರುತ್ತಿದ್ದಾರೆ. ಆರು ವಾರ ಇರುತ್ತಾರೆ. ಆ ತಿಂಗಳಲ್ಲೂ ಇಲ್ಲಿ ಸ್ವೆಟರ್ ಬಿಚ್ಚುವ ಧೈರ್ಯ ಬರುವುದಿಲ್ಲ. ಆದ್ದರಿಂದ ಏಪ್ರಿಲ್ 25ರಿಂದ ಮೇ 2ರವರೆಗೆ ಬಿಸಿಲಿರುವ ಮೆಡಿಟರೇನಿಯನ್ ದ್ವೀಪವೊಂದಕ್ಕೆ ಕರೆದೊಯ್ಯುವ ಆಸೆ. ಗ್ರೀಸಿನ ಕ್ರೀಟ್, ಇಲ್ಲವೇ ಮಾಲ್ಟಾ. ಅಮ್ಮನಿಗೆ ಮಂಡಿನೋವು. ಇಬ್ಬರೂ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಹೋಗಿಬಂದವರು ಹೇಳಿ.

ಎರಡು ಸಲ ಕ್ರೀಟ್: ಯೋಚನೆಯೇ ಬೇಡ, ಕ್ರೀಟ್. ನಾನು ಎರಡು ಸಲ ಹೋಗಿದ್ದೇನೆ. ಏಪ್ರಿಲ್ ಕೊನೆಯಲ್ಲಿ ಗುಡ್ಡದ ತುಂಬ ಹೂವು, ಲೆಫ್ಕಾ ಓರಿ ಬೆಟ್ಟಗಳ ನೆತ್ತಿಯಲ್ಲಿ ಇನ್ನೂ ಹಿಮ, ಕೆಳಗೆ ಹಾನಿಯಾ ಪಟ್ಟಣದ ಹಳೆಯ ಬಂದರಿನಲ್ಲಿ ತೋಳು ಮಡಚಿ ಕಾಫಿ ಕುಡಿಯುವಂಥ ಬಿಸಿಲು. ಇರಾಕ್ಲಿಯೋನ್ ನಗರದಿಂದ ಐದೇ ಕಿಲೋಮೀಟರ್ ದೂರದಲ್ಲಿ ಪ್ರಾಚೀನ ಕ್ನೋಸೋಸ್ ಅರಮನೆ.

ಉಪ್ಪುನೀರು: "ಕಾಫಿ ಕುಡಿಯುವಂಥ ಬಿಸಿಲು" ಎಂದಿದ್ದಾರೆ, ಸಮುದ್ರಕ್ಕೆ ಇಳಿಯುವಂಥ ಬಿಸಿಲು ಎಂದಿಲ್ಲ, ಗಮನಿಸಿ. ಆಗ ಅಲ್ಲಿ ನೀರು ಹದಿನೇಳು ಡಿಗ್ರಿಯ ಆಸುಪಾಸು. ಕುಂದಾಪುರದವನಾದ ನನಗೆ ಅದು ಕಡಲಲ್ಲ, ಐಸ್ ಪೆಟ್ಟಿಗೆ. ಊರಿನ ಹೆಸರೇ ಹಾನಿಯಾ! ಮಾಲ್ಟಾಕ್ಕೆ ಹೋಗಿ. ಇಡೀ ದೇಶ 316 ಚದರ ಕಿಲೋಮೀಟರ್, ಬೆಳಿಗ್ಗೆ ಹೊರಟರೆ ಎಲ್ಲಿಗೆ ಹೋದರೂ ಸಂಜೆಗೆ ಕೋಣೆಗೆ ವಾಪಸು. ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ನಮ್ಮ ಹಾಗೆಯೇ ಎಡಗಡೆ ವಾಹನ ಓಡಿಸುತ್ತಾರೆ.

ನಕ್ಷೆಗಾರ: "ನಮ್ಮ ಹಾಗೆಯೇ ಎಡಗಡೆ". ಪ್ರಶ್ನೆ ಕೇಳಿದವರು ಜರ್ಮನಿಯಲ್ಲಿದ್ದಾರೆ ಸ್ವಾಮಿ, ದಿನವೂ ಬಲಗಡೆ ಓಡಿಸುವವರು. ಅವರಿಗೆ ಎಡಗಡೆಯೇ ತೊಡಕು. ಇನ್ನು ನೀರಿನ ಮಾತು: ಏಪ್ರಿಲ್‌ನಲ್ಲಿ ಮಾಲ್ಟಾದ ಸಮುದ್ರವೂ ಅಷ್ಟೇ ತಣ್ಣಗಿರುತ್ತದೆ. ನಿಮ್ಮ ಐಸ್ ಪೆಟ್ಟಿಗೆ ಎರಡೂ ಕಡೆ ಇದೆ.

ಉಪ್ಪುನೀರು: ಮಂಜು ವಾಹನ ಕಲಿತದ್ದು ಶಿವಮೊಗ್ಗದಲ್ಲೋ ಮ್ಯೂನಿಕ್‌ನಲ್ಲೋ ಎಂಬುದು ನಿಮ್ಮ ನಕ್ಷೆಯಲ್ಲಿದೆಯೇ?

ಎರಡು ಸಲ ಕ್ರೀಟ್: ಮಾಲ್ಟಾ ಮಾಲ್ಟಾ ಎನ್ನುವವರು ಅದರ ರಾಜಧಾನಿ ವಲೆಟ್ಟಾದ ಬೀದಿಗಳು ಎಂಥವೆಂದು ಏಕೆ ಹೇಳುತ್ತಿಲ್ಲ? ಎಷ್ಟೋ ಬೀದಿಗಳು ಬೀದಿಗಳೇ ಅಲ್ಲ, ಮೆಟ್ಟಿಲುಗಳು. ಮಂಡಿನೋವಿನವರನ್ನು ಕರೆದುಕೊಂಡು ಹೋಗುವ ಜಾಗವೇ ಅದು?

ಉಪ್ಪುನೀರು: ಬಂದರಿನಿಂದ ಮೇಲಿನ ಬರಾಕ್ಕಾ ಉದ್ಯಾನಕ್ಕೆ 58 ಮೀಟರ್ ಎತ್ತರದ ಲಿಫ್ಟ್ ಇದೆ. ಕ್ರೀಟ್‌ನ ಸಮಾರಿಯಾ ಕಮರಿಗೆ ಲಿಫ್ಟ್ ಹಾಕಿದ್ದಾರೆಯೇ? ಹದಿನಾರು ಕಿಲೋಮೀಟರ್ ಕಲ್ಲು ತುಳಿಯಬೇಕು.

ನಕ್ಷೆಗಾರ: ಸಮಾರಿಯಾ ಸಾಮಾನ್ಯವಾಗಿ ತೆರೆಯುವುದೇ ಮೇ ತಿಂಗಳಲ್ಲಿ. ಅಲ್ಲಿಗೆ ಹೋಗಿ ಎಂದು ಯಾರೂ ಹೇಳಲಿಲ್ಲ.

ಎರಡು ಸಲ ಕ್ರೀಟ್: ಊಟದ ವಿಷಯಕ್ಕೆ ಬನ್ನಿ, ಅಲ್ಲಿ ನಿಮ್ಮ ಮಾಲ್ಟಾ ನಿಲ್ಲುವುದಿಲ್ಲ. 2027ರಲ್ಲಿ ಗ್ರೀಕರ ಈಸ್ಟರ್ ಮೇ 2ಕ್ಕೆ. ಅಂದರೆ ಮಂಜು ಅವರು ಇರುವ ವಾರವೆಲ್ಲ ಅವರಿಗೆ ಉಪವಾಸದ ವಾರ. ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲ. "ನಿಸ್ತಿಸಿಮೊ" ಅಂದರೆ ಉಪವಾಸದ ಊಟ ಎಂದು ಒಂದು ಮಾತು ಹೇಳಿದರೆ ನಮ್ಮ ಊಟವೇ ಬರುತ್ತದೆ. ರೆಥಿಮ್ನೋ ಹತ್ತಿರದ ಹಳ್ಳಿಯೊಂದರಲ್ಲಿ ನನಗೆ ಮೆನು ಓದಲು ಬರಲಿಲ್ಲ. ಹೋಟೆಲಿನ ಅಜ್ಜಿ ಕೈ ಹಿಡಿದು ನೇರ ಅಡುಗೆಮನೆಗೆ ಕರೆದೊಯ್ದು ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿದರು: ಟೊಮೆಟೊದಲ್ಲಿ ಬೆಂದ ದಪ್ಪ ಅವರೆಯಂಥ ಕಾಳು, ಅನ್ನ ತುಂಬಿ ಸುತ್ತಿದ ದ್ರಾಕ್ಷಿ ಎಲೆ, ನಿಂಬೆಹುಳಿ ಹಿಂಡಿದ ಕಾಡುಸೊಪ್ಪು, ಎಣ್ಣೆಯಲ್ಲಿ ತೇಲುವ ಆಲೂಗಡ್ಡೆ. ಆ ಸೊಪ್ಪಿನ ಘಮಕ್ಕೆ ನನ್ನ ತವರಿನ ಬಸ್ಸಾರು ನೆನಪಾಯಿತು.

ಒಗ್ಗರಣೆ ಸೌಟು: "ನಮ್ಮ ಊಟವೇ"! ಮೇಡಂ, ನಾಲ್ಕು ಮುಚ್ಚಳ ಹೇಳಿದಿರಿ, ಐದನೆಯದರಲ್ಲಿ ಏನಿತ್ತು? ಆ ಉಪವಾಸದಲ್ಲಿ ಸಿಗಡಿ, ಬೊಂಡಾಸ, ಚಿಪ್ಪುಮೀನು, ಆಕ್ಟೋಪಸ್ ಎಲ್ಲ ನಡೆಯುತ್ತವೆ. ರಕ್ತವಿಲ್ಲದ ಜೀವಿಗಳೆಂದು ಅವರಿಗೆ ವಿನಾಯಿತಿ. ಪಾಪ, ಮಂಜು "ನಿಸ್ತಿಸಿಮೊ" ಎಂದು ಹೇಳಿ ಅಮ್ಮನ ತಟ್ಟೆಗೆ ಎಂಟು ಕಾಲಿನದನ್ನು ಬಡಿಸಿಕೊಳ್ಳಬೇಕೆ?

ನಕ್ಷೆಗಾರ: "ರಕ್ತವಿಲ್ಲದ"? ಆಕ್ಟೋಪಸ್‌ಗೆ ರಕ್ತವಿದೆ. ಅದರಲ್ಲಿ ಕಬ್ಬಿಣದ ಬದಲು ತಾಮ್ರವಿರುವುದರಿಂದ ನೀಲಿ. ಹೃದಯ ಮೂರು.

ಒಗ್ಗರಣೆ ಸೌಟು: ನಾನು ಪ್ರಾಣಿಶಾಸ್ತ್ರದ ಪಾಠ ಮಾಡುತ್ತಿಲ್ಲ, ಅವರ ನಂಬಿಕೆ ಹೇಳುತ್ತಿದ್ದೇನೆ. ಏಕಾದಶಿಯ ದಿನ ಅನ್ನ ಬಿಟ್ಟು ಅವಲಕ್ಕಿ ತಿನ್ನುವವರಿಗೆ ಅದು ಯಾವ ಭತ್ತದಿಂದ ಬಂತು ಎಂದು ಕೇಳುತ್ತೀರಾ? ಹಾಗೆಯೇ ಇದು.

ತೀರ್ಥಹಳ್ಳಿ ರಾಯರು: ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಏಕಾದಶಿಗೆ ಅವಲಕ್ಕಿ ತಿನ್ನುತ್ತಾರೆಂದು ತಮಗೆ ಯಾರು ಹೇಳಿದರು? ನಮ್ಮ ಮನೆಯಲ್ಲಿ ಆ ದಿನ ಒಲೆಯೇ ಹೊತ್ತುವುದಿಲ್ಲ. ಅವಲಕ್ಕಿಯೂ ಧಾನ್ಯವೇ, ಧಾನ್ಯ ನಿಷಿದ್ಧ.

ಒಗ್ಗರಣೆ ಸೌಟು: ರಾಯರೇ, ನಿಮ್ಮ ಮನೆಯೇ ಇಡೀ ಕರ್ನಾಟಕವಲ್ಲ. ನಮ್ಮಜ್ಜಿ ಎಂಬತ್ತಾರು ವರ್ಷ ಏಕಾದಶಿ ಮಾಡಿದವರು, ಮೊಸರವಲಕ್ಕಿ ತಿಂದೇ ಮಾಡಿದವರು.

ತೀರ್ಥಹಳ್ಳಿ ರಾಯರು: ಹಾಗಿದ್ದರೆ ಅದು ಏಕಾದಶಿಯಲ್ಲ, ಒಪ್ಪೊತ್ತು. ಭತ್ತ ನೆನೆಸಿ, ಹುರಿದು, ಕುಟ್ಟಿದ ಮಾತ್ರಕ್ಕೆ ಅದು ಫಲಾಹಾರವಾಗುವುದಾದರೆ ದೋಸೆಯೂ ಫಲಾಹಾರವೇ.

ಒಗ್ಗರಣೆ ಸೌಟು: ತೀರಿಕೊಂಡವರ ವ್ರತಕ್ಕೆ ಅಂಕ ಕೊಡಲು ನೀವು ಯಾರು?

ಉಪ್ಪುನೀರು: ದೋಸೆ ಎಂದಿರಲ್ಲ, ಅದಕ್ಕೇ ಹೇಳುತ್ತೇನೆ: ಮಾಲ್ಟಾದ ಬೀದಿಯಲ್ಲಿ ಪಸ್ತಿಜ್ಜಿ ಸಿಗುತ್ತದೆ. ಗರಿಗರಿ ಪದರ, ಒಳಗೆ ಬಟಾಣಿ ಹೂರಣ. ಉಪವಾಸ, ಏಕಾದಶಿ ಯಾವ ಗೊಂದಲವೂ ಇಲ್ಲ.

ಎರಡು ಸಲ ಕ್ರೀಟ್: ಗೊಂದಲವಿಲ್ಲವೇ? ಆ ಗರಿಗರಿ ಪದರಕ್ಕೆ ಹಂದಿಯ ಕೊಬ್ಬು ಹಾಕುವ ಅಂಗಡಿಗಳೂ ಇವೆ. ವಿಚಾರಿಸದೆ ತಿಂದವರ ಪುಣ್ಯ ದೊಡ್ಡದು.

ಉಪ್ಪುನೀರು: "ಅಂಗಡಿಗಳೂ" ಎಂದಿರಿ, ಎಲ್ಲ ಅಂಗಡಿಗಳು ಎನ್ನಲಿಲ್ಲ. ನನಗೆ ಅಷ್ಟು ಸಾಕು.

ಮ್ಯೂನಿಕ್ ಮಂಜು: ಎಲ್ಲರಿಗೂ ವಂದನೆ. ಅವಲಕ್ಕಿಯ ವಿಷಯ ಬಿಡೋಣವೇ? ಅಪ್ಪ, ಅಮ್ಮನ ವೀಸಾ ಗ್ರೀಸಿನ ಕಡೆಯಿಂದ ಮಾಡಿಸಬೇಕೋ ಜರ್ಮನಿಯ ಕಡೆಯಿಂದಲೋ?

ನಕ್ಷೆಗಾರ: ಹೆಚ್ಚು ದಿನ ಇರುವ ದೇಶದ ಕಡೆಯಿಂದ. ನಿಮ್ಮ ಲೆಕ್ಕದಲ್ಲಿ ಅದು ಜರ್ಮನಿ. ಗ್ರೀಸ್, ಮಾಲ್ಟಾ ಎರಡೂ ಒಂದೇ ವೀಸಾ ಸಾಕಾಗುವ ಯುರೋಪಿನ ಷೆಂಗೆನ್ ವಲಯದೊಳಗಿವೆ, ಬೇರೆ ವೀಸಾ ಬೇಡ. ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು, ಕೊನೆಯ ಗಡುವು ಹೊರಡುವ ಹದಿನೈದು ದಿನ ಮೊದಲು. 30,000 ಯೂರೊವರೆಗಿನ ಖರ್ಚು ಭರಿಸುವ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ.

ಉಪ್ಪುನೀರು: ಮಂಜು, ಇನ್ನೊಂದು ಮಾತು. ಮೇಡಂ ಈಸ್ಟರ್ ದಿನಾಂಕ ಹೇಳಿದರು, ಅದರ ಫಲ ಹೇಳಲಿಲ್ಲ. ಏಪ್ರಿಲ್ 30 ಗುಡ್ ಫ್ರೈಡೇ, ಅರ್ಧ ಊರು ಮುಚ್ಚಿರುತ್ತದೆ. ಮೇ 2ರ ಬೆಳಿಗ್ಗೆ ಅಂಗಳ ಅಂಗಳದಲ್ಲಿ ಕುರಿಮರಿ ಸಲಾಕೆಗೆ ಏರಿರುತ್ತದೆ. ನಿಮ್ಮ ಅಮ್ಮ ಆ ಹೊಗೆಯ ನಡುವೆಯೇ ವಿಮಾನ ನಿಲ್ದಾಣಕ್ಕೆ ಹೊರಡಬೇಕು. ಮಾಲ್ಟಾದವರು ಕ್ಯಾಥೊಲಿಕರು, ಅವರ ಈಸ್ಟರ್ ಮಾರ್ಚ್ 28ಕ್ಕೇ ಮುಗಿದಿರುತ್ತದೆ.

ಎರಡು ಸಲ ಕ್ರೀಟ್: "ಹೊಗೆ" ಒಂದೇ ಕಂಡಿತೇ ನಿಮಗೆ? ಶುಕ್ರವಾರ ರಾತ್ರಿ ಹೂವಿನಿಂದ ಸಿಂಗರಿಸಿದ ಯೇಸುವಿನ ಶವಪೆಟ್ಟಿಗೆಯನ್ನು ಊರವರೆಲ್ಲ ಮೇಣದ ಬತ್ತಿ ಹಿಡಿದು ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಶನಿವಾರ ನಡುರಾತ್ರಿ ಚರ್ಚಿನ ಅಂಗಳದಲ್ಲಿ ಸೌದೆ ಒಟ್ಟಿ ಯೇಸುವಿಗೆ ದ್ರೋಹ ಬಗೆದ ಶಿಷ್ಯ ಜೂದಾಸನ ಬೊಂಬೆ ಸುಡುತ್ತಾರೆ. ನಾನು ಕಂಡ ಹಳ್ಳಿಯಲ್ಲಿ ಹುಡುಗರು ವಾರವಿಡೀ ಸೌದೆ ಕೂಡಿಸಿ, ಪಕ್ಕದ ಹಳ್ಳಿಯವರು ಕದಿಯದಂತೆ ಕಾವಲು ಕಾಯುತ್ತಿದ್ದರು.

ತೀರ್ಥಹಳ್ಳಿ ರಾಯರು: ಇದು ನಮ್ಮ ಕಾಮನ ಹಬ್ಬವೇ. ನಾವೂ ಚಿಕ್ಕಂದಿನಲ್ಲಿ ಕಟ್ಟಿಗೆ, ಕುಳ್ಳು ಕದ್ದವರು. ಇದನ್ನು ನೋಡಲು ಅಷ್ಟು ದೂರ ಹೋಗಬೇಕೆ?

ಒಗ್ಗರಣೆ ಸೌಟು: ಕಳವು ನಡೆಯುತ್ತದೆ, ಅವಲಕ್ಕಿ ನಡೆಯುವುದಿಲ್ಲ. ಚೆನ್ನಾಗಿದೆ ರಾಯರ ಶಾಸ್ತ್ರ.

ತೀರ್ಥಹಳ್ಳಿ ರಾಯರು: ಕಾಮನ ಕಟ್ಟಿಗೆ ಕದಿಯುವುದು ಸಂಪ್ರದಾಯ. ತಮ್ಮೊಂದಿಗೆ ಇನ್ನು ಮಾತಿಲ್ಲ.

ನಕ್ಷೆಗಾರ: ಇಬ್ಬರೂ ಬಿಸಿಲಿಗೆ ಖಾತ್ರಿ ಕೊಡುತ್ತಿದ್ದೀರಿ. ವಸಂತದಲ್ಲಿ ಆಫ್ರಿಕಾದ ಕಡೆಯಿಂದ ಗಾಳಿ ಬಂದರೆ ಮರಳುಗಾಡಿನ ಧೂಳೂ ಬರುತ್ತದೆ. 2024ರ ಏಪ್ರಿಲ್‌ನಲ್ಲಿ ಅಥೆನ್ಸ್‌ನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ಅದರಿಂದಲೇ.

ಉಪ್ಪುನೀರು: ನೋಡಿದಿರಾ, ಗ್ರೀಸ್!

ನಕ್ಷೆಗಾರ: ಮಾಲ್ಟಾ ಆಫ್ರಿಕಾಕ್ಕೆ ಅಥೆನ್ಸಿಗಿಂತ ಹತ್ತಿರವಿದೆ.

ಎರಡು ಸಲ ಕ್ರೀಟ್: ನನ್ನ ಸಲಹೆ ಬದಲಾಗಿಲ್ಲ. ಇಡೀ ದ್ವೀಪ ಸುತ್ತಬೇಡಿ. ಪೂರ್ವದಿಂದ ಪಶ್ಚಿಮಕ್ಕೆ 260 ಕಿಲೋಮೀಟರ್ ಇದೆ. ಹಾನಿಯಾದಲ್ಲಿ ನಾಲ್ಕು ರಾತ್ರಿ, ಇರಾಕ್ಲಿಯೋನ್‌ನಲ್ಲಿ ಮೂರು. ನಡುವೆ ಒಳ್ಳೆಯ ಬಸ್ಸಿದೆ. ಊಟಕ್ಕೆ "ನಿಸ್ತಿಸಿಮೊ" ಎಂದು ಹೇಳಿ, ಜೊತೆಗೆ ಸಮುದ್ರದ್ದು ಬೇಡ ಎಂದೂ ಹೇಳಿ. ಇದನ್ನು ನಾನು ಮೊದಲೇ ಹೇಳುವವಳಿದ್ದೆ.

ಒಗ್ಗರಣೆ ಸೌಟು: "ಹೇಳುವವಳಿದ್ದೆ"! ಐದನೆಯ ಮುಚ್ಚಳ ಈಗ ತೆರೆಯಿತು.

ಮ್ಯೂನಿಕ್ ಮಂಜು: ನಿನ್ನೆ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಬೊಂಬೆ ಸುಡುವುದನ್ನು ನೋಡಬೇಕೆಂದು ಅಪ್ಪನಿಗೆ ಆಸೆಯಾಗಿದೆ. ಅಮ್ಮ ಮಾತ್ರ "ಆಕ್ಟೋಪಸ್ ತಿನ್ನುವ ಊರು ಬೇಡ, ಇನ್ನೊಂದಕ್ಕೆ ಹೋಗೋಣ" ಎಂದರು. ಹಾಗಾಗಿ ಮಾಲ್ಟಾಕ್ಕೆ ಟಿಕೆಟ್ ನೋಡುತ್ತಿದ್ದೇನೆ.

ಉಪ್ಪುನೀರು: ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಮಾಲ್ಟಾದ್ದೇ ಆದ ಗೋಜೋ ದ್ವೀಪಕ್ಕೆ ಹೋಗುವಾಗ ಫೆರಿಯಲ್ಲಿ ದುಡ್ಡು ಕೇಳುವುದಿಲ್ಲ, ಮರಳುವಾಗ ಕೊಟ್ಟರೆ ಆಯಿತು.

ನಕ್ಷೆಗಾರ: ಮಾಲ್ಟಾದಲ್ಲೂ ಆಕ್ಟೋಪಸ್ ತಿನ್ನುತ್ತಾರೆ. ಸಾರು ಮಾಡುತ್ತಾರೆ.