ವ್ಯಾಕ್ಯೂಮ್ ಕೊಳ್ಳುವ ಮೊದಲು ಇದನ್ನು ಪೂರ್ತಿ ಕೇಳು

ಪುಟ್ಟಾ, ನೀನು ಗ್ರೂಪಿನಲ್ಲಿ ಕೇಳಿದ್ದು ನೋಡಿದೆ. ರೂಮಿನೊಳಗೆ ಸ್ಕ್ರೋಲ್ ಸಾ, ಅಂದರೆ ತೆಳು ಬ್ಲೇಡಿನಿಂದ ಮರದಲ್ಲಿ ಸಣ್ಣ ಚಿತ್ತಾರ ಕೊಯ್ಯುವ ಗರಗಸದ ಮಿಷಿನ್, ಇಟ್ಟುಕೊಂಡು ಕೆಲಸ ಶುರು ಮಾಡಿದ್ದೀಯ, ಮರದ ಧೂಳು ಪಕ್ಕದ ರೂಮಿನ ಹಾಸಿಗೆ ತನಕ ಬರುತ್ತಿದೆ ಅಂತ ಅಕ್ಕ ಬರೆದಿದ್ದಾಳೆ, ಅದಕ್ಕೆ ಯಾವ ವ್ಯಾಕ್ಯೂಮ್ ತೆಗೆದುಕೊಳ್ಳಲಿ ಅಂತ ನಿನ್ನ ಪ್ರಶ್ನೆ. ವ್ಯಾಕ್ಯೂಮ್ ವಿಷಯಕ್ಕೆ ಆಮೇಲೆ ಬರುತ್ತೇನೆ. ನನಗೆ ಹಾಸಿಗೆ ಮೇಲೆ ಕಂಡ ಧೂಳಿಗಿಂತ ಯಾರಿಗೂ ಕಾಣದೆ ಗಾಳಿಯಲ್ಲಿ ಉಳಿದದ್ದೇ ಜಾಸ್ತಿ ಚಿಂತೆ. ಮನೆಯಲ್ಲಿ ಅಜ್ಜಿಗೆ ಮೊದಲೇ ದಮ್ಮು ಇದೆ, ಅಲ್ವಾ. ಅಕ್ಕಾ, ನೀನೂ ಇದನ್ನು ಕೇಳು.

ನೆಲಕ್ಕೆ ಬೀಳುವ ಹೊಟ್ಟು ದಪ್ಪಗಿರುತ್ತದೆ, ಒರೆಸಿದರೆ ಹೋಯಿತು. ತೊಂದರೆ ಕೊಡುವುದು ಸಣ್ಣ ಕಣ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. 10 ಮೈಕ್ರಾನ್‌ಗಿಂತ ಸಣ್ಣ ಕಣ ಮೂಗು, ಗಂಟಲು ದಾಟಿ ಒಳಗೆ ಇಳಿಯುತ್ತದೆ. 2.5 ಮೈಕ್ರಾನ್‌ಗಿಂತ ಸಣ್ಣದು ಶ್ವಾಸಕೋಶದ ತಳಕ್ಕೇ ಹೋಗುತ್ತದೆ. ಅದು ಬೇಗ ಕೆಳಗೆ ಕೂರುವುದೂ ಇಲ್ಲ, ಮಿಷಿನ್ ನಿಲ್ಲಿಸಿ ಗಂಟೆಗಳಾದರೂ ತೇಲುತ್ತಲೇ ಇರುತ್ತದೆ. ನಂಬಿಕೆ ಬರದಿದ್ದರೆ ಕೆಲಸ ಮುಗಿದ ಮೇಲೆ ಲೈಟ್ ಆರಿಸಿ ಒಂದು ಟಾರ್ಚ್ ಅಡ್ಡಕ್ಕೆ ಹಿಡಿದು ನೋಡು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ, ಅದರ ಮೊದಲ ಗುಂಪಿಗೇ ಸೇರಿಸಿದೆ. ಮುಖ್ಯವಾಗಿ ಮೂಗಿನ ಒಳಭಾಗ ಮತ್ತು ಸೈನಸ್‌ಗೆ ಬರುವ ಕ್ಯಾನ್ಸರ್ ಅದು. ಹೆದರಿ ಮಿಷಿನ್ ಮಾರಬೇಡ, ವರ್ಷಗಟ್ಟಲೆ ಅದೇ ಧೂಳಿನಲ್ಲಿ ದುಡಿದವರನ್ನು ನೋಡಿ ಹೇಳಿದ ಮಾತು ಅದು. ಆದರೆ ಇನ್ನೊಂದು ಯೋಚನೆ ಮಾಡು. ಮರದ ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಸಂಜೆ ಅಲ್ಲಿಂದ ಮನೆಗೆ ಹೋಗುತ್ತಾರೆ. ನಿಮ್ಮಲ್ಲಿ ಧೂಳು ಏಳುವ ಜಾಗದಲ್ಲೇ ಎಲ್ಲರೂ ಉಣ್ಣಬೇಕು, ಮಲಗಬೇಕು.

ಈಗ ನಿನ್ನ ಮಿಷಿನ್ನಿನಲ್ಲಿ ಧೂಳು ಎಲ್ಲಿಂದ ಹೊರಡುತ್ತದೆ ನೋಡೋಣ. ಬ್ಲೇಡಿನ ಹಲ್ಲು ಕೆಳಮುಖವಾಗಿರುತ್ತದೆ, ಕೆಳಗೆ ಇಳಿಯುವಾಗ ಕೊಯ್ಯುತ್ತದೆ, ಹಾಗಾಗಿ ಧೂಳಿನ ದೊಡ್ಡ ಪಾಲು ಟೇಬಲ್ ಅಡಿಗೆ ಹೋಗುತ್ತದೆ. ರಿವರ್ಸ್ ಹಲ್ಲಿನ ಬ್ಲೇಡ್ ಹಾಕಿದ್ದರೆ ಅದರ ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುತ್ತವೆ. ಮರದ ಅಡಿಯಲ್ಲಿ ಸಿಬಿರು ಏಳಬಾರದು ಅಂತ ಹಾಗೆ ಮಾಡಿರುತ್ತಾರೆ, ಆದರೆ ಅವು ಒಂದಷ್ಟು ಧೂಳನ್ನು ಮೇಲಕ್ಕೂ ತರುತ್ತವೆ. ಮೇಲೆ ಬಂದದ್ದನ್ನು ಆ ಸಣ್ಣ ಬ್ಲೋವರ್ ನಳಿಕೆ ಊದಿಬಿಡುತ್ತದೆ. ನೀನು ಎಳೆದ ಗೆರೆ ಕಾಣಲಿ ಅಂತ ಅದನ್ನು ಕೊಟ್ಟಿರುವುದು, ಒಳ್ಳೆಯದೇ. ಆದರೆ ಊದಿದ ಧೂಳು ಎಲ್ಲಿಗೆ ಹೋಗುತ್ತದೆ? ಸೀದಾ ರೂಮಿಗೆ. ಸ್ಕ್ರೋಲ್ ಸಾ ಕೆಲಸದಲ್ಲಿ ಗೆರೆ ನೋಡುತ್ತಾ ಬಗ್ಗಿ ಕೂತಿರುತ್ತೀಯ, ಮೂಗು ಅಲ್ಲೇ ಬ್ಲೇಡಿನ ಹತ್ತಿರ ಇರುತ್ತದೆ. ನನ್ನ ಪ್ರಕಾರ ನಿನ್ನ ಮನೆಯ ಅರ್ಧ ಸಮಸ್ಯೆ ಈ ನಳಿಕೆಯೇ.

ಅದನ್ನು ಮುಚ್ಚಬೇಡ. ಅದು ಯಾವ ಕಡೆಗೆ ಊದುತ್ತದೋ ಆ ಕಡೆ, ಅದರ ಎದುರಿಗೆ, ವ್ಯಾಕ್ಯೂಮ್ ಪೈಪಿನ ಬಾಯಿ ಕೂರಿಸು. ಒಂದು ಊದಲಿ, ಇನ್ನೊಂದು ಎಳೆದುಕೊಳ್ಳಲಿ. ಆದರೆ ಬಾಯಿ ಬ್ಲೇಡಿಗೆ ತುಂಬಾ ಹತ್ತಿರ ಇರಬೇಕು, ಕೈಗೆ ಅಡ್ಡಿಯಾಗದಷ್ಟು ದೂರ ಬಿಟ್ಟರೆ ಸಾಕು. ಮೇಣದ ಬತ್ತಿಯನ್ನು ಊದಿ ಆರಿಸಬಹುದು, ಅದೇ ದೂರದಿಂದ ಉಸಿರು ಎಳೆದು ಆರಿಸಲು ಆಗುವುದಿಲ್ಲ ನೋಡು, ಇಲ್ಲೂ ಹಾಗೆಯೇ. ಪೈಪಿನ ಬಾಯಿ ಎಷ್ಟು ಅಗಲ ಇದೆಯೋ ಅಷ್ಟು ದೂರ ಸರಿದರೂ ಸಾಕು, ಗಾಳಿ ಎಳೆಯುವ ವೇಗ ಹತ್ತರಲ್ಲಿ ಒಂದು ಪಾಲಿಗೆ, ಅದಕ್ಕಿಂತ ಕಡಿಮೆಗೂ ಇಳಿದುಬಿಡುತ್ತದೆ. ಒಂದು ಅಡಿ ದೂರದಲ್ಲಿ ಪೈಪ್ ಇಟ್ಟು, ಎಷ್ಟೇ ಜೋರಿನ ವ್ಯಾಕ್ಯೂಮ್ ಹಾಕಿದರೂ ಸದ್ದು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಟೇಬಲ್ ಅಡಿಯ ಕೆಲಸ ಇನ್ನೂ ಮುಖ್ಯ. ಕೆಲವು ಮಿಷಿನ್‌ಗಳಿಗೆ ಅಡಿಯಲ್ಲೇ ಧೂಳಿನ ಪೈಪ್ ಸಿಕ್ಕಿಸುವ ಬಾಯಿ ಇರುತ್ತದೆ, ಆದರೆ ಸುತ್ತ ತೆರೆದೇ ಇರುತ್ತದೆ, ಎಳೆದ ಗಾಳಿ ಎಲ್ಲಿಂದಲೋ ಬರುತ್ತದೆ, ಧೂಳು ನೆಲಕ್ಕೆ ಸುರಿಯುತ್ತದೆ. ಬ್ಲೇಡಿನ ಕೆಳತುದಿಯ ಸುತ್ತ ರಟ್ಟು ಅಥವಾ ತೆಳು ಪ್ಲೈನಲ್ಲಿ ಒಂದು ಸಣ್ಣ ಗೂಡು ಮಾಡು. ಬ್ಲೇಡಿನ ಕೆಳತುದಿ ಹಿಡಿದಿರುವ ತೋಳು ಮೇಲೆ ಕೆಳಗೆ ಆಡಲು ಜಾಗ ಬಿಡು. ಬ್ಲೇಡ್ ಬದಲಾಯಿಸಲು ಮುಂದೆ ಒಂದು ಪುಟ್ಟ ಬಾಗಿಲು ಬೇಕು, ಮ್ಯಾಗ್ನೆಟ್ ಇಟ್ಟರೆ ಸುಲಭ. ಗೂಡಿನ ತಳದಲ್ಲಿ ಪೈಪ್ ಸಿಕ್ಕಿಸು. ಪೂರ್ತಿ ಗಾಳಿ ಹೋಗದಂತೆ ಮುಚ್ಚಿದರೂ ತಪ್ಪು, ಬ್ಲೇಡ್ ಇಳಿಯುವ ರಂಧ್ರದಿಂದ ಗಾಳಿ ಒಳಗೆ ಬರಬೇಕು, ಆಗಲೇ ಧೂಳೂ ಅದರ ಜೊತೆ ಇಳಿಯುತ್ತದೆ. ಮೋಟರಿನ ಗಾಳಿಕಿಂಡಿಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡ, ಬಿಸಿಯಾಗಿ ಮೋಟರ್ ಸುಡುತ್ತದೆ.

ಇನ್ನು ವ್ಯಾಕ್ಯೂಮ್. ಸ್ಕ್ರೋಲ್ ಸಾ ಪೈಪುಗಳು ಸಣ್ಣವು. ಸಣ್ಣ ಪೈಪಿನಲ್ಲಿ ಜೋರಾಗಿ ಎಳೆಯುವುದು ಶಾಪ್ ವ್ಯಾಕ್, ಅಂದರೆ ಕಾರ್ಯಾಗಾರದಲ್ಲಿ ಬಳಸುವ ಗಟ್ಟಿ ವ್ಯಾಕ್ಯೂಮ್. 4 ಇಂಚಿನ ಪೈಪಿನ ದೊಡ್ಡ ಡಸ್ಟ್ ಕಲೆಕ್ಟರ್ ಬೇಕಿಲ್ಲ, ಅದು ಹಲಗೆ ಹೆರೆದು ಮಟ್ಟ ಮಾಡುವ ಪ್ಲೇನರ್‌ನಂಥ ಮಿಷಿನ್‌ಗಳಿಗೆ, ಇಷ್ಟು ಸಣ್ಣ ಬಾಯಿಗೆ ಜೋಡಿಸಿದರೆ ಅದರ ಶಕ್ತಿಯೆಲ್ಲ ವ್ಯರ್ಥ. ನೀನು ಕೊಳ್ಳುವಾಗ ಎಲ್ಲರೂ ವಾಟ್ ನೋಡುತ್ತಾರೆ ಅಂತ ವಾಟ್ ನೋಡಬೇಡ, ಫಿಲ್ಟರ್ ನೋಡು. ಮಾಮೂಲಿ ಫಿಲ್ಟರ್ ದಪ್ಪ ಹೊಟ್ಟನ್ನು ಹಿಡಿದು, ಸಣ್ಣ ಕಣಗಳನ್ನು ಹಿಂದಿನ ಕಿಂಡಿಯಿಂದ ಮತ್ತೆ ರೂಮಿಗೇ ಊದುತ್ತದೆ. ನೆಲ ಸ್ವಚ್ಛ, ಗಾಳಿ ಇನ್ನೂ ಕೆಟ್ಟದ್ದು. ಹೆಪಾ ಫಿಲ್ಟರ್ ಇರಬೇಕು, 0.3 ಮೈಕ್ರಾನ್ ಕಣದಲ್ಲೂ 99.97 ಶೇಕಡಾ ಹಿಡಿಯುವಂಥದ್ದು, ಅದರ ಮುಂದೆ ಒಳಚೀಲ ಹಾಕಿದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ. ವ್ಯಾಕ್ಯೂಮಿಗೆ ಮೊದಲು ಒಂದು ಸೈಕ್ಲೋನ್ ಬಕೆಟ್ ಇಟ್ಟರೆ ಇನ್ನೂ ಒಳ್ಳೆಯದು, ದಪ್ಪದ್ದೆಲ್ಲ ಸುತ್ತಿ ಅಲ್ಲೇ ಬೀಳುತ್ತದೆ. ಜಾಗ ಇದ್ದರೆ ವ್ಯಾಕ್ಯೂಮನ್ನೇ ಬಾಲ್ಕನಿಯಲ್ಲಿಟ್ಟು ಪೈಪ್ ಮಾತ್ರ ಒಳಗೆ ತಾ. ಸದ್ದೂ ಕಡಿಮೆ, ಹಿಂದಿನ ಗಾಳಿಯೂ ಹೊರಗೇ ಹೋಗುತ್ತದೆ.

ಪಕ್ಕದ ರೂಮಿಗೆ ಧೂಳು ಹೋಗುವುದಕ್ಕೆ ಕಾರಣ ಬಹಳ ಸರಳ. ಸೀಲಿಂಗ್ ಫ್ಯಾನ್ ಹಾಕಿಕೊಂಡು ಕೂರುತ್ತೀಯ ಅಲ್ವಾ? ಅದನ್ನು ಆಫ್ ಮಾಡು. ಎಸಿ ಇದ್ದರೆ ಅದೂ ಬೇಡ. ಕಿಟಕಿಗೆ ಹೊರಮುಖವಾಗಿ ಒಂದು ಎಕ್ಸಾಸ್ಟ್ ಫ್ಯಾನ್ ಹಾಕು, ಕಿಟಕಿಯ ಉಳಿದ ಭಾಗ ರಟ್ಟಿನಿಂದ ಮುಚ್ಚು, ಬಾಗಿಲು ಹಾಕಿ ಕೆಳಗೆ ಸ್ವಲ್ಪ ಸಂದು ಬಿಡು. ಆಗ ಗಾಳಿ ಮನೆಯಿಂದ ನಿನ್ನ ರೂಮಿಗೆ ಬಂದು ಕಿಟಕಿಯಿಂದ ಹೊರಗೆ ಹೋಗುತ್ತದೆ, ನಿನ್ನ ರೂಮಿನದು ಮನೆಗೆ ಹೋಗುವುದಿಲ್ಲ. ಸಂದಿನ ಹತ್ತಿರ ತೆಳು ಟಿಶ್ಯೂ ಪೇಪರ್ ಹಿಡಿದು ನೋಡು, ಅದು ರೂಮಿನ ಒಳಕ್ಕೆ ಬಾಗಬೇಕು. ಅಕ್ಕಾ, ಮನೆಯೊಳಗೆ ಗ್ಯಾಸ್ ಗೀಸರ್ ಇದ್ದರೆ ಈ ಫ್ಯಾನ್ ಓಡುವಾಗ ಅದನ್ನು ಹಚ್ಚಬೇಡಿ, ಅದರ ಹೊಗೆ ಹೊರಗೆ ಹೋಗುವ ಬದಲು ಒಳಗೆ ಎಳೆದು ಬರಬಹುದು, ಅದು ಧೂಳಿಗಿಂತ ಅಪಾಯ.

ಕಿಟಕಿಗೆ ಫ್ಯಾನ್ ಆಗದಿದ್ದರೆ ಇನ್ನೊಂದು ದಾರಿ ಇದೆ. ಕೋವಿಡ್ ಶುರುವಾದ 2020ರಲ್ಲಿ ಅಮೆರಿಕದ ಇಂಜಿನಿಯರ್ ರಿಚರ್ಡ್ ಕೋರ್ಸಿ ಮತ್ತು ಫಿಲ್ಟರ್ ಕಂಪನಿಯ ಜಿಮ್ ರೋಸೆಂತಾಲ್ ಸೇರಿ ಹೇಳಿಕೊಟ್ಟ ಪೆಟ್ಟಿಗೆ ಅದು. ಮರ್ವ್ ಅಂದರೆ ಫಿಲ್ಟರ್ ಸಣ್ಣ ಕಣವನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಅನ್ನುವ ಅಳತೆ. ನಾಲ್ಕು ಕಡೆ ಮರ್ವ್ 13 ದರ್ಜೆಯ ಫಿಲ್ಟರ್ ನಿಲ್ಲಿಸಿ ಟೇಪ್ ಸುತ್ತಿ, ಮೇಲೆ ಚೌಕದ ಫ್ಯಾನ್ ಮಲಗಿಸಿದರೆ ಆಯಿತು. ಫಿಲ್ಟರ್ ಮೂಲಕ ಗಾಳಿ ಎಳೆದು ಮೇಲಕ್ಕೆ ಬಿಡುತ್ತದೆ. ತೇಲುವ ಧೂಳಿಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬ್ಲೇಡಿನ ಹತ್ತಿರ ಹಿಡಿಯುವುದನ್ನು ಬಿಟ್ಟು ಇದನ್ನೊಂದೇ ನಂಬಬೇಡ, ಆ ಧೂಳು ಪೆಟ್ಟಿಗೆ ತಲುಪುವ ಮೊದಲು ನಿನ್ನ ಮೂಗನ್ನು ದಾಟಿಯೇ ಹೋಗುತ್ತದೆ.

ಅದಕ್ಕೇ ಮಾಸ್ಕ್. ಎನ್95 ಹಾಕು, ಬಟ್ಟೆಯದ್ದು ಬೇಡ. ಗಡ್ಡ ಬಿಟ್ಟಿದ್ದೀಯ, ಗಡ್ಡದ ಮೇಲೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ, ಪಕ್ಕದಿಂದ ಗಾಳಿ ನುಗ್ಗುತ್ತದೆ. ಗಡ್ಡ ತೆಗೆ, ಇಲ್ಲದಿದ್ದರೆ ಫಿಲ್ಟರ್ ಆದ ಗಾಳಿಯನ್ನು ಫ್ಯಾನಿನಿಂದ ಒಳಗೆ ಕೊಡುವ ಹೆಲ್ಮೆಟ್ ತರಹದ್ದು ನೋಡಬೇಕು. ಮಿಷಿನ್ ನಿಲ್ಲಿಸಿದ ಕೂಡಲೇ ಮಾಸ್ಕ್ ತೆಗೆಯುವ ಅಭ್ಯಾಸ ಬೇಡ. ಫ್ಯಾನ್ ಇನ್ನೂ ಸ್ವಲ್ಪ ಹೊತ್ತು ಓಡಲಿ, ಗುಡಿಸುವಾಗಲೂ ಮಾಸ್ಕ್ ಇರಲಿ. ಗುಡಿಸುವುದು ಅಂದೆ, ಪೊರಕೆ ಮುಟ್ಟಲೇಬೇಡ. ಒದ್ದೆ ಬಟ್ಟೆಯಿಂದ ಒರೆಸು, ಇಲ್ಲವೇ ಅದೇ ಹೆಪಾ ವ್ಯಾಕ್ಯೂಮ್. ಅಂಗಿಗೆ ಅಂಟಿದ ಧೂಳನ್ನು ಗಾಳಿ ಹೊಡೆದು ತೆಗೆಯುವುದೂ ಬೇಡ. ಆ ಅಂಗಿಯಲ್ಲೇ ಅಜ್ಜಿಯ ಪಕ್ಕ ಹೋಗಿ ಕೂರಬೇಡ, ಬದಲಾಯಿಸಿ ಹೋಗು.

ಸ್ಕ್ರೋಲ್ ಸಾ ಧೂಳಿಗಿಂತ ಆಮೇಲೆ ಉಪ್ಪುಕಾಗದ ಹಾಕಿ ತಿಕ್ಕುವಾಗ ಏಳುವ ಧೂಳು ಸಣ್ಣದು, ಕೆಟ್ಟದ್ದು. ಅದನ್ನು ಮನೆಯೊಳಗೆ ಮಾಡಲೇಬೇಡ, ಟೆರೇಸಿಗೋ ಅಂಗಳಕ್ಕೋ ತೆಗೆದುಕೊಂಡು ಹೋಗು. ಬ್ಲೇಡ್ ಮೊಂಡಾದ ತಕ್ಷಣ ಬದಲಾಯಿಸಿದರೆ ತಿಕ್ಕುವ ಕೆಲಸವೇ ಕಡಿಮೆಯಾಗುತ್ತದೆ, ಮರ ಸುಡುವುದೂ ಇಲ್ಲ. ಸುರುಳಿ ಬ್ಲೇಡ್ ಎಲ್ಲ ಕಡೆಗೂ ಕೊಯ್ಯುತ್ತದೆ ಅಂತ ಇಷ್ಟ ಆಗಬಹುದು, ಆದರೆ ಅಂಚು ಒರಟಾಗುತ್ತದೆ, ಮತ್ತೆ ಉಪ್ಪುಕಾಗದವೇ ಗತಿ.

ಮರ ಆರಿಸುವಾಗಲೂ ನೋಡು. ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ, ಸುಲಭ ಅನಿಸುತ್ತದೆ, ಆದರೆ ಅದರ ಧೂಳು ಹಿಟ್ಟಿನಷ್ಟು ನುಣುಪು, ಅದನ್ನು ಅಂಟಿಸಿರುವುದು ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಅನ್ನುವ, ಕಣ್ಣು ಮೂಗು ಉರಿಸುವ ರಾಸಾಯನಿಕ ಇರುವ ಅಂಟಿನಲ್ಲಿ. ತೇಗ, ಬೀಟೆ ಕೆಲವರಿಗೆ ಚರ್ಮದಲ್ಲಿ ತುರಿಕೆ ತರುತ್ತವೆ. ವೆಸ್ಟರ್ನ್ ರೆಡ್ ಸೀಡರ್ ಅಂತ ಸಿಕ್ಕರೆ ಆ ಮನೆಗೆ ತರಲೇಬೇಡ, ಅದರಲ್ಲಿರುವ ಪ್ಲಿಕ್ಯಾಟಿಕ್ ಆಸಿಡ್ ಅಸ್ತಮಾ ಹುಟ್ಟಿಸುತ್ತದೆ ಅಂತ ಗೊತ್ತಾಗಿದೆ. ಹಳೆಯ ಬಣ್ಣ ಬಳಿದ ಮರವೂ ಬೇಡ, ಬಣ್ಣದಲ್ಲಿ ಸೀಸ ಇರಬಹುದು. ಇನ್ನೊಂದು, ಮರಕ್ಕೆ ಅಗಸೆ ಎಣ್ಣೆ ಹಚ್ಚಲು ಬಳಸಿದ ಬಟ್ಟೆಯನ್ನು ಮುದ್ದೆ ಮಾಡಿ ಹೊಟ್ಟಿನ ಬಕೆಟ್ಟಿಗೆ ಎಸೆಯಬೇಡ, ತಾನಾಗಿಯೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಗಲು ಹಾಕು.

ಈಗ ನೀನು ಮಾಡಬೇಕಾದ್ದು ಇಷ್ಟು. ಬ್ಲೋವರ್ ನಳಿಕೆಯದೂ ಟೇಬಲ್ ಅಡಿಯದೂ ಒಂದೊಂದು ಫೋಟೋ ಹಾಕು, ಧೂಳಿನ ಬಾಯಿ ಎಷ್ಟು ಅಗಲ ಅಂತ ಅಳೆದು ಬರೆ. ಅದನ್ನು ನೋಡಿಕೊಂಡು ವ್ಯಾಕ್ಯೂಮ್ ಆರಿಸೋಣ. ಅಲ್ಲಿಯ ತನಕ ಕೊರೆಯುವ ಕೆಲಸವನ್ನೂ ಟೆರೇಸಿನಲ್ಲೇ ಮಾಡು, ಮಿಷಿನ್ ಎತ್ತಲು ಭಾರ ಅನಿಸಿದರೆ ನಾನು ಬರುತ್ತೇನೆ.